ಅಲಂಕಾರದ ಮೆಣಸಿನ ಗಿಡಗಳಲ್ಲಿ ಯಾವುದು ಚೆಂದ ಅಂತ ಮನೆಯಲ್ಲೇ ಹೋಲಿಸಿ ನೋಡುವುದು ಹೇಗೆ? ಅದರ ಬೀಜ ಹಾಕಿದರೆ ಅದೇ ಗಿಡ ಬರುತ್ತದಾ?

ಒಂದೊಂದು ತಳಿಯದ್ದು ಒಂದೇ ಗಿಡ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಮೂರ್ನಾಲ್ಕಾದರೂ ಬೇಕು. ಕುಂಡದ ಅಳತೆ, ಮಣ್ಣು, ನೀರು ಎಲ್ಲ ಒಂದೇ ಥರ ಇರಲಿ. ಬಿಸಿಲಂತೂ ಸಮ ಇರಲೇಬೇಕು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬೆಳೆಸಿದ 'ಬ್ಲ್ಯಾಕ್ ಪರ್ಲ್' ತಳಿಯನ್ನೇ ನೋಡಿ. ಎಳೆ ಎಲೆ ಹಸಿರು, ಬಿಸಿಲು ಬಿದ್ದಂತೆ ಕಪ್ಪಾಗುತ್ತದೆ. ನೆರಳಲ್ಲಿಟ್ಟರೆ ಹಸಿರು ಜಾಸ್ತಿ ಉಳಿಯುತ್ತದೆ. ಆಗ ತಳಿಯನ್ನು ಬೈದು ಪ್ರಯೋಜನ ಇಲ್ಲ, ಅಲ್ವಾ?

ಕಾಯಿಯ ಬಣ್ಣವನ್ನು ಒಂದೇ ದಿನ ನೋಡಿ ತೀರ್ಮಾನಿಸಬೇಡಿ. 'ನ್ಯೂಮೆಕ್ಸ್ ಟ್ವೈಲೈಟ್' ಕಾಯಿ ನೇರಳೆಯಿಂದ ಹಳದಿ, ಕಿತ್ತಳೆ, ಕೊನೆಗೆ ಕೆಂಪಾಗುತ್ತದೆ. ಒಂದೇ ಗಿಡದಲ್ಲಿ ನಾಲ್ಕೂ ಬಣ್ಣ ಒಟ್ಟಿಗೆ ಕಾಣುವಾಗಲೇ ಅದರ ನಿಜವಾದ ಅಂದ. ವಾರಕ್ಕೊಂದು ಫೋಟೋ ತೆಗೆದಿಡಿ.

ಇನ್ನು ಬೀಜದ ವಿಷಯ. ಮೆಣಸಿನ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ಜೇನ್ನೊಣ ಬಂದರೆ ತಳಿ ಬೆರೆಯುತ್ತದೆ. ಬೆರೆತದ್ದು ಈ ಕಾಯಲ್ಲಿ ಕಾಣುವುದಿಲ್ಲ, ಅದರ ಬೀಜದಿಂದ ಹುಟ್ಟಿದ ಗಿಡದಲ್ಲಿ ಕಾಣುತ್ತದೆ. ಹಾಗಾಗಿ ಮೊಗ್ಗು ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ಹೂವು ಅರಳಿದಾಗ ರೆಂಬೆಯನ್ನು ಮೆಲ್ಲಗೆ ಅಲ್ಲಾಡಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ದಾರ ಕಟ್ಟಿ ಗುರುತಿಡಿ. ಮೂಲ ಗಿಡ ಹೈಬ್ರಿಡ್ ಆಗಿದ್ದರೆ ಮಾತ್ರ ಚೀಲ ಕಟ್ಟಿದರೂ ಮರಿಗಳು ಬೇರೆ ಬೇರೆ ಥರ ಬರುತ್ತವೆ. ನನಗಂತೂ ಅದೇ ಜಾಸ್ತಿ ಖುಷಿ ಕೊಡುವ ಭಾಗ. ಬೀಜ ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ, ಈ ಪುಟ್ಟ ಕಾಯಿಗಳು ತುಂಬಾ ಖಾರ.