ಇಂಗ್ಲಿಷ್ ಬಿಎ ಮುಗೀತು, ಮುಂದೆ?

ಪ್ರಶ್ನೆ: ದಾವಣಗೆರೆಯಲ್ಲಿ ಐಚ್ಛಿಕ ಇಂಗ್ಲಿಷ್ ಮತ್ತು ಇತಿಹಾಸ ಓದಿ ಬಿಎ ಮುಗಿಸಿದ್ದೇನೆ. ಶೇ 61 ಬಂದಿದೆ. ಎಂಎ ಮಾಡಿ ಲೆಕ್ಚರರ್ ಆಗುವಾಸೆ. ಮನೆಯಲ್ಲಿ ‘ಮೊದಲು ಬಿಎಡ್ ಮುಗಿಸು’ ಅಂತಾರೆ. ಯಾವುದು ಸರಿ?
– ಓದುಗರು, ಜಗಳೂರು

ಉತ್ತರ: ಲೆಕ್ಚರರ್ ಅಂದರೆ ಪಿಯು ಕಾಲೇಜಿಗೋ ಡಿಗ್ರಿ ಕಾಲೇಜಿಗೋ? ಅದು ತೀರ್ಮಾನವಾಗದೆ ಮುಂದಿನ ಮಾತಿಲ್ಲ. ಸರ್ಕಾರಿ ಪಿಯು ಉಪನ್ಯಾಸಕರ ಹುದ್ದೆಗೆ ಎಂಎಯಲ್ಲಿ ಶೇ 55 ಮತ್ತು ಬಿಎಡ್ ಎರಡೂ ಬೇಕು. ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಬಿಎಡ್ ಕೇಳುವುದಿಲ್ಲ. ಅಲ್ಲಿ ಶೇ 55ರ ಎಂಎ ಜೊತೆಗೆ ನೆಟ್ ಅಥವಾ ಕೆ-ಸೆಟ್ (ರಾಷ್ಟ್ರ ಮತ್ತು ರಾಜ್ಯ ಮಟ್ಟದ ಅಧ್ಯಾಪಕರ ಅರ್ಹತಾ ಪರೀಕ್ಷೆಗಳು) ಪಾಸಾಗಿರಬೇಕು. ಪಿಯು ನಿಮ್ಮ ಮನಸ್ಸಿನಲ್ಲಿದ್ದರೆ ಮನೆಯವರಿಗೂ ನಿಮಗೂ ಜಗಳವೇ ಇಲ್ಲ, ಯಾವುದು ಮೊದಲು ಅನ್ನುವುದಷ್ಟೇ ಉಳಿಯಿತು.

ಮನೆಗೆ ಬೇಗ ಸಂಬಳ ಬರಬೇಕಿದ್ದರೆ ಬಿಎಡ್ ಮೊದಲು. ಎರಡು ವರ್ಷ ಮುಗಿಸಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದರೆ 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದಲೋ ಇಗ್ನೋದಿಂದಲೋ ಎಂಎ ಕಟ್ಟಿಕೊಳ್ಳಬಹುದು. ಗುರಿ ಡಿಗ್ರಿ ಕಾಲೇಜೇ ಆಗಿದ್ದರೆ ಬಿಎಡ್‌ಗೆ ಎರಡು ವರ್ಷ ಕೊಡಬೇಡಿ, ನೇರ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಹೋಗಿ ಎಂಎ ಸೇರಿ.

ಬಿಎಡ್‌ನಲ್ಲಿ ಎಡವುವುದು ಬೋಧನಾ ವಿಷಯ ಆರಿಸುವಾಗ. ಇಂಗ್ಲಿಷ್ ಬಿಟ್ಟು ‘ಸುಲಭ’ ಅಂತ ಬೇರೆ ಎರಡನ್ನು ತೆಗೆದುಕೊಂಡವರು ಮುಂದೆ ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವಾಗ ಒದ್ದಾಡುತ್ತಾರೆ. ನಿಮಗೆ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಸರಿಹೊಂದುತ್ತದೆ. ಅಂಕಪಟ್ಟಿಯಲ್ಲಿ ಇಂಗ್ಲಿಷ್ ಐಚ್ಛಿಕ ವಿಷಯವಾಗಿಯೇ ನಮೂದಾಗಿದೆಯೇ ಎಂದೂ ನೋಡಿಕೊಳ್ಳಿ. ಬಿಎ, ಬಿಕಾಂ ಎಲ್ಲರೂ ಓದುವ ಸಾಮಾನ್ಯ ಇಂಗ್ಲಿಷ್ ಬೇರೆ, ಇದು ಬೇರೆ.

6ರಿಂದ 8ನೇ ತರಗತಿಗೆ ಬೇಕಾದ ಟಿಇಟಿ ಎರಡನೇ ಪತ್ರಿಕೆ 150 ಅಂಕದ್ದು. ಪಾಸಾಗಲು ಸಾಮಾನ್ಯ ವರ್ಗಕ್ಕೆ 90 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಇಂಗ್ಲಿಷ್‌ನವರು ಹೆಚ್ಚಾಗಿ ಸೋಲುವುದು ಭಾಷೆಯಲ್ಲಲ್ಲ. ಭಾಷಾ ಶಿಕ್ಷಕರಾಗುವವರೂ ಗಣಿತ–ವಿಜ್ಞಾನ ಇಲ್ಲವೇ ಸಮಾಜ ವಿಜ್ಞಾನದ 60 ಅಂಕ ಎದುರಿಸಲೇಬೇಕು, ಏಟು ಬೀಳುವುದು ಅಲ್ಲಿ. ಇತಿಹಾಸ ನಿಮಗಿದೆ, ಭೂಗೋಳ, ಪೌರನೀತಿಗೆ 6ರಿಂದ 10ರವರೆಗಿನ ರಾಜ್ಯ ಪಠ್ಯಪುಸ್ತಕಗಳನ್ನೇ ಓದಿ. ಗೈಡ್ ಆಮೇಲೆ.

ನೆಟ್ ಕಡೆ ಹೊರಟರೆ ಒಂದು ಎಚ್ಚರಿಕೆ: ಎಂಎಯಲ್ಲಿ ಶೇ 54.8 ಬಂದರೆ ಅದನ್ನು 55 ಅಂತ ಯಾರೂ ಏರಿಸಿಕೊಡುವುದಿಲ್ಲ (ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 50 ಸಾಕು). ಹಾಗಾಗಿ ಎಂಎ ಮೊದಲ ಸೆಮಿಸ್ಟರ್‌ನಿಂದಲೇ ಲೆಕ್ಕ ಇಡಿ. ಪರೀಕ್ಷೆಯಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಪ್ರತಿಯೊಂದಕ್ಕೂ 2 ಅಂಕ. ಕಾವ್ಯ, ನಾಟಕ ಓದಿದವರು ಮೊದಲ ಪತ್ರಿಕೆಯ ತರ್ಕ, ಅಂಕಿಅಂಶಗಳ ಪ್ರಶ್ನೆಗಳನ್ನು ಕಡೆಗಣಿಸುತ್ತಾರೆ. ದಿನಕ್ಕೆ ಅರ್ಧ ಗಂಟೆ ಕೂತರೆ ಖಚಿತವಾಗಿ ಬರುವ ಅಂಕ ಅವು.

ಪ್ರಶ್ನೆ: ನನಗೆ ಪಾಠ ಮಾಡುವುದು ಆಗದು. ಅನುವಾದದಿಂದ ಬದುಕಬಹುದೇ?
– ಓದುಗರು, ಹೊಳಲ್ಕೆರೆ

ಉತ್ತರ: ಕತೆ, ಕವಿತೆಯ ಅನುವಾದದಿಂದ ಮನೆ ನಡೆಯುವುದಿಲ್ಲ. ಕಾಗದಪತ್ರದ ಅನುವಾದದಿಂದ ನಡೆಯಬಹುದು. ಸುಪ್ರೀಂ ಕೋರ್ಟಿಗೆ ಹೋಗುವ ಕನ್ನಡ ದಾಖಲೆಗಳೆಲ್ಲ ಇಂಗ್ಲಿಷಾಗಬೇಕು. ಪಹಣಿ, ಕ್ರಯಪತ್ರ, ಸಾಕ್ಷಿಗಳ ಹೇಳಿಕೆ – ವಕೀಲರ ಕಚೇರಿಗಳಲ್ಲಿ ಈ ಕೆಲಸ ಇದ್ದೇ ಇರುತ್ತದೆ. ಇಲ್ಲಿ ಇಂಗ್ಲಿಷ್ ಎಂಎಗಿಂತ ಹಳ್ಳಿಯ ಜಮೀನಿನ ಭಾಷೆ ಗೊತ್ತಿರುವುದು ದೊಡ್ಡ ಬಂಡವಾಳ.

ಒಂದು ಸಾಲು ತೆಗೆದುಕೊಳ್ಳಿ: ‘ಸದರಿ 2-20 ಜಮೀನು ವಾದಿಯ ಸ್ವಾಧೀನಾನುಭವದಲ್ಲಿದೆ.’ ಹೊಸಬರು ಇದನ್ನು 2.20 ಎಕರೆ ಅಂತ ಬರೆದುಬಿಡುತ್ತಾರೆ. ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಎರಡೂವರೆ ಎಕರೆ. ಚುಕ್ಕಿ ಇಟ್ಟ ತಪ್ಪಿಗೆ 12 ಗುಂಟೆ ಹೋಯಿತು. ‘ಸ್ವಾಧೀನಾನುಭವ’ ಅಂದರೆ ‘ಪೊಸೆಷನ್ ಅಂಡ್ ಎಂಜಾಯ್‌ಮೆಂಟ್’. ‘ಓನರ್‌ಶಿಪ್’ ಅಂತ ಬರೆದರೆ ಕೇಸಿನ ಅರ್ಥವೇ ತಿರುಗಿತು. ‘ಪೌತಿ ಖಾತೆ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಬೇಡಿ, ಪದವನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗಾಗುವ ಬದಲಾವಣೆ ಎಂದು ವಿವರಿಸಿ. ಚಕ್ಕುಬಂದಿಯ (ಜಮೀನಿನ ಎಲ್ಲೆಯ) ನಾಲ್ಕು ದಿಕ್ಕುಗಳನ್ನು ಕೊನೆಯಲ್ಲಿ ಮೂಲದೊಂದಿಗೆ ಬೆರಳಿಟ್ಟು ತಾಳೆ ನೋಡಿ.

ದರ ಮಾತಾಡುವಾಗ ಪದಗಳ ಎಣಿಕೆ ಮೂಲದ್ದೋ ಅನುವಾದದ್ದೋ ಎಂದು ಮೊದಲೇ ಬರೆಸಿಕೊಳ್ಳಿ. ‘ಸ್ವಾಧೀನಾನುಭವದಲ್ಲಿದೆ’ ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿನಲ್ಲಿ ಆರಾಗುತ್ತದೆ. ಕನ್ನಡ ಪದ ಎಣಿಸಿ ಇಂಗ್ಲಿಷ್ ಪದದ ದರ ಒಪ್ಪಿಕೊಂಡವರು ನಷ್ಟ ಮಾಡಿಕೊಳ್ಳುತ್ತಾರೆ. ಟೈಪಿಂಗ್ ಎರಡೂ ಭಾಷೆಯಲ್ಲಿ ಕಲಿಯಿರಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನ ಕಡತ ಯೂನಿಕೋಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಪರಿವರ್ತಕ ಬಳಸುವುದು ಗೊತ್ತಿರಲಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಲೇಬೇಕು. ಈ ಕೆಲಸದ ರುಚಿ ಹತ್ತಿದರೆ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಇದ್ದೇ ಇದೆ.

ಪ್ರಶ್ನೆ: ಇಂಗ್ಲಿಷ್ ಓದಿದವರಿಗೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಸುಲಭವಂತೆ, ಹೌದೇ?
– ಓದುಗರು, ಚಳ್ಳಕೆರೆ

ಉತ್ತರ: ಪ್ರಿಲಿಮ್ಸ್‌ನ (ಮೊದಲ ಹಂತದ ಪರೀಕ್ಷೆಯ) 100 ಪ್ರಶ್ನೆಗಳಲ್ಲಿ ಇಂಗ್ಲಿಷ್ 30 ಮಾತ್ರ, ಉಳಿದ 70 ಲೆಕ್ಕ ಮತ್ತು ರೀಸನಿಂಗ್. ಪ್ರತಿ ವಿಭಾಗಕ್ಕೂ 20 ನಿಮಿಷ ಕಟ್ಟಿಟ್ಟಿರುತ್ತಾರೆ. ಇಂಗ್ಲಿಷನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರೂ ಮಿಕ್ಕ ಹತ್ತು ನಿಮಿಷ ಲೆಕ್ಕಕ್ಕೆ ಸಿಗುವುದಿಲ್ಲ. ಮೇಲಾಗಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಮೊದಲ ಎರಡು ತಿಂಗಳು ಶೇಕಡಾವಾರು, ಅನುಪಾತ, ಸರಳೀಕರಣ ಇಷ್ಟನ್ನೇ ಮಾಡಿ. ಇಂಗ್ಲಿಷ್ ಪುಸ್ತಕ ಮುಚ್ಚಿಡಿ.