‘ಆಗ್ಲೇ ಲೇಟಾಗೋಯ್ತು ಮೇಡಮ್’: ಇಂಜಿನಿಯರಿಂಗ್ ಆದ್ಮೇಲೆ ನರ್ಸಿಂಗ್‌ಗೆ ಅರ್ಜಿ ಹಾಕಿದ ಒಬ್ಬರ ಪ್ರಕರಣ

ಸುಮಾ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಹೆಸರು, ಊರು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ವಯಸ್ಸು 37, ಹಾಸನದ ಕಡೆಯವರು, ವಿಟಿಯುನಲ್ಲಿ ಇ ಅಂಡ್ ಸಿ ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ರು, ಮದುವೆ ಆದ್ಮೇಲೆ ಗಂಡನ ಜೊತೆ ಅಮೆರಿಕಕ್ಕೆ ಹೋಗಿ ಈಗ ಒಹಾಯೋದಲ್ಲಿ ಇದಾರೆ. ಮಗಳಿಗೆ 9, ಮಗನಿಗೆ 5. ಗ್ರೀನ್ ಕಾರ್ಡ್ ಬಂದಾಗಿದೆ. ಹೊರಗಿಂದ ನೋಡಿದ್ರೆ ಏನೂ ಕೊರತೆ ಇಲ್ಲ, ಆದ್ರೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ, ಎದ್ದು ಬಾತ್‌ರೂಮಲ್ಲಿ ಕೂತ್ಕೊಂಡು ಕಾಲೇಜಿನ ಅಪ್ಲಿಕೇಶನ್ ಪೋರ್ಟಲ್ ರಿಫ್ರೆಶ್ ಮಾಡ್ತಾರೆ, ಆ ಹೊತ್ತಲ್ಲಿ ಯಾವ ಅಡ್ಮಿಷನ್ ಆಫೀಸೂ ಓಪನ್ ಇರಲ್ಲ ಅಂತ ಗೊತ್ತಿದ್ದೂ ಮಾಡ್ತಾರೆ.

ಅರ್ಜಿ ಹಾಕಿದ್ದು ಎಬಿಎಸ್‌ಎನ್ ಅನ್ನೋ ಕೋರ್ಸಿಗೆ. ಬೇರೆ ಯಾವುದಾದ್ರೂ ವಿಷಯದಲ್ಲಿ ಡಿಗ್ರಿ ಇರೋರಿಗೆ ಬಿಎಸ್‌ಸಿ ನರ್ಸಿಂಗನ್ನ 12ರಿಂದ 18 ತಿಂಗಳಲ್ಲಿ ಮುಗಿಸಿಕೊಡೋ ಕೋರ್ಸ್ ಅದು. 1971ರಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿ ಶುರು ಮಾಡಿದ್ದು, ಈಗ ಅಲ್ಲಿ ಬಹುತೇಕ ಎಲ್ಲಾ ಸ್ಟೇಟ್‌ಗಳಲ್ಲೂ ಇದೆ. ಮುಗಿಸಿದ್ಮೇಲೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಪಾಸಾದ್ರೆ ಆರ್‌ಎನ್, ಅಂದ್ರೆ ರಿಜಿಸ್ಟರ್ಡ್ ನರ್ಸ್. ರಜೆ ಕಮ್ಮಿ, ಕ್ಲಾಸು, ಕ್ಲಿನಿಕಲ್ಲು ಅಂದ್ರೆ ಆಸ್ಪತ್ರೆಲಿ ಮಾಡೋ ಪ್ರಾಕ್ಟಿಕಲ್, ಎರಡೂ ಒಟ್ಟಿಗೇ ನಡೆಯುತ್ತೆ, ಓದೋವಾಗ ಕೆಲಸ ಮಾಡ್ಬೇಡಿ ಅಂತ ಕಾಲೇಜಿನವರೇ ಹೇಳ್ತಾರೆ.

ಸುಮಾ ಮೂರು ಕಡೆ ಹಾಕಿದ್ರು. ಒಂದು ರಿಜೆಕ್ಟ್, ಒಂದು ವೇಟ್‌ಲಿಸ್ಟ್, ಇನ್ನೊಂದು ಪ್ರೈವೇಟ್ ಕಾಲೇಜು ತಕ್ಷಣ ಸೀಟ್ ಕೊಟ್ಟು ಹತ್ತು ದಿನದಲ್ಲಿ ಡಿಪಾಸಿಟ್ ಕಟ್ಟಿ ಅಂದಿತ್ತು, ಒಟ್ಟು ಫೀಸು 70 ಸಾವಿರ ಡಾಲರ್ ಮೇಲೆ. ಮೊದಲನೇ ಸೆಷನ್‌ನಲ್ಲಿ ಅವರು ಹೇಳಿದ್ದು ಹೆಚ್ಚುಕಮ್ಮಿ ಪೂರ್ತಿ ಮಾರ್ಕ್ಸ್ ಬಗ್ಗೆ. ಬಿಇನಲ್ಲಿ 64 ಪರ್ಸೆಂಟು, ಎಂ-3, ಅಂದ್ರೆ ಮೂರನೇ ಸೆಮಿಸ್ಟರಿನ ಮ್ಯಾಥ್ಸು, ಬ್ಯಾಕ್ ಇತ್ತು, ಸಪ್ಲಿಮೆಂಟರಿಲಿ ಕ್ಲಿಯರ್ ಮಾಡಿದ್ದು, ಅಮೆರಿಕದಲ್ಲಿ 64 ಅಂದ್ರೆ ಡಿ ಗ್ರೇಡ್ ಅಲ್ವಾ ಮೇಡಮ್, ನನ್ನ ಫೈಲ್ ನೋಡಿದ ತಕ್ಷಣ ಪಕ್ಕಕ್ಕಿಟ್ಟಿರ್ತಾರೆ ಅಂತ. ಆದ್ರೆ ಅವರ ಕೈಲೇ ವೆಸ್, ಅಂದ್ರೆ ಹೊರದೇಶದ ಮಾರ್ಕ್ಸನ್ನ ಅಮೆರಿಕದ ಲೆಕ್ಕಕ್ಕೆ ತೂಗಿ ನೋಡೋ ಸಂಸ್ಥೆಯಿಂದ ಬಂದ ಕೋರ್ಸ್ ಬೈ ಕೋರ್ಸ್ ರಿಪೋರ್ಟ್ ಇತ್ತು. ನಮ್ಮ ಮಾರ್ಕ್ಸನ್ನ ಅವರು ನಮ್ಮ ದೇಶದ ಅಳತೆಲೇ ನೋಡಿ ಗ್ರೇಡಿಗೆ ತಿರುಗಿಸ್ತಾರೆ, ಇಲ್ಲಿನ ಫಸ್ಟ್ ಕ್ಲಾಸು ಅಲ್ಲಿ ಡಿ ಆಗಲ್ಲ. ಅವರ ಜಿಪಿಎ ನಾಲ್ಕಕ್ಕೆ ಮೂರರ ಮೇಲೇ ಬಂದಿತ್ತು, ಬಹಳಷ್ಟು ಕಾಲೇಜುಗಳು ಕೇಳೋ ಮಿನಿಮಮ್ಮೂ ಅದೇ. ಆ ರಿಪೋರ್ಟನ್ನ ನನಗೆ ಜೋರಾಗಿ ಓದಿ ಹೇಳಿ ಅಂದೆ. ಓದಿದ್ರು. ಎಂ-3 ಸಾಲಿಗೆ ಬಂದಾಗ ದನಿ ಸಣ್ಣ ಆಯ್ತು, 17 ವರ್ಷದ ಹಿಂದಿನ ಒಂದು ಪೇಪರು ಇವತ್ತಿಗೂ ಅಷ್ಟು ನೋಯುತ್ತೆ. ಅದೇ ಬಾಯಲ್ಲಿ ಹೋದ ವರ್ಷ ಕಮ್ಯುನಿಟಿ ಕಾಲೇಜಲ್ಲಿ ಸಂಜೆ ಕ್ಲಾಸಿಗೆ ಹೋಗಿ ನರ್ಸಿಂಗ್ ಸೇರೋಕೆ ಮೊದಲೇ ಓದಿರ್ಬೇಕಾದ ಪ್ರಿರಿಕ್ವಿಸಿಟ್‌ಗಳು, ಅಂದ್ರೆ ಅನಾಟಮಿ ಅಂಡ್ ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್ ಎಲ್ಲಾ ಮುಗಿಸಿರೋದನ್ನ, ಅದರಲ್ಲಿ ಎ, ಬಿ ಪ್ಲಸ್ ಬಂದಿರೋದನ್ನ ಒಂದೇ ಉಸಿರಲ್ಲಿ ದಾಟಿಸಿಬಿಟ್ರು. ಎಂ-4ರಲ್ಲಿ ಪ್ರಾಬಬಿಲಿಟಿ ಓದಿದ್ರೂ ಸ್ಟಾಟಿಸ್ಟಿಕ್ಸ್ ಮತ್ತೆ ಓದ್ಬೇಕಾಯ್ತು ನೋಡಿ ಅಂತ ಅದೂ ಒಂದು ದೂರು.

ರಿಜೆಕ್ಟ್ ಆಗಿದ್ದನ್ನ ಅವರು ‘ನಾನು ಲಾಯಕ್ಕಿಲ್ಲ’ ಅಂತ ತಗೊಂಡಿದ್ರು. ಅದಕ್ಕೆ ನಾನು ಸಮಾಧಾನದ ಮಾತು ಹೇಳಲಿಲ್ಲ, ಪರಿಸ್ಥಿತಿ ಹೆಂಗಿದೆ ಅಂತ ಹೇಳ್ದೆ. ಅಮೆರಿಕದ ನರ್ಸಿಂಗ್ ಕಾಲೇಜುಗಳು 2023ರಲ್ಲಿ 65 ಸಾವಿರಕ್ಕೂ ಹೆಚ್ಚು ಅರ್ಹ ಅರ್ಜಿಗಳನ್ನ ವಾಪಸ್ ಕಳಿಸಿವೆ, ಅರ್ಹತೆ ಇದ್ದೂ ವಾಪಸ್. ಕಾರಣ ಪಾಠ ಮಾಡೋರು ಸಾಲಲ್ಲ, ಆಸ್ಪತ್ರೆಗಳಲ್ಲಿ ಕ್ಲಿನಿಕಲ್‌ಗೆ ಜಾಗ ಸಾಲಲ್ಲ. ಒಬ್ಬ ಟೀಚರ್ ಕೈಕೆಳಗೆ ವಾರ್ಡಲ್ಲಿ ಇಷ್ಟೇ ಸ್ಟೂಡೆಂಟ್ಸ್ ಇರ್ಬೇಕು ಅಂತ ಮಿತಿ ಇರುತ್ತೆ, ಅದು ತುಂಬಿದ್ಮೇಲೆ ಎಷ್ಟು ಒಳ್ಳೆ ಫೈಲ್ ಬಂದ್ರೂ ಅಷ್ಟೇ. ಸುಮಾ ಸ್ವಲ್ಪ ಹೊತ್ತು ಸುಮ್ನಿದ್ದು, ‘ಹಂಗಾದ್ರೆ ಇನ್ನೊಂದ್ ವರ್ಷ ಕಾಯ್ಬೇಕಾ, ಆಗ್ಲೇ ಲೇಟಾಗೋಯ್ತು ಮೇಡಮ್’ ಅಂದ್ರು.

ಈ ‘ಲೇಟು’ ಅನ್ನೋ ಮಾತು ಪ್ರತಿ ಸೆಷನ್‌ನಲ್ಲೂ ಬರ್ತಿತ್ತು. ಓರಗೆಯವರೆಲ್ಲ ಮ್ಯಾನೇಜರ್ ಆಗಿದಾರೆ, ನಾನು ಹತ್ತು ವರ್ಷ ಮನೇಲಿ ಕೂತೆ, ಅದಕ್ಕೇ ಈ ಫಾಸ್ಟ್ ಕೋರ್ಸು. ನನಗೆ ಅನ್ನಿಸಿದ್ದು, ಇವರ ಆತಂಕದ ಬೇರು ಇರೋದು ಇಲ್ಲಿ. ಕಳೆದ ವರ್ಷಗಳನ್ನ 15 ತಿಂಗಳಲ್ಲಿ ವಾಪಸ್ ತಗೋಬೇಕು ಅಂತ ಹೊರಟಾಗ ಒಂದೊಂದು ಈಮೇಲೂ ಜೀವನ್ಮರಣದ ಪ್ರಶ್ನೆ ಆಗುತ್ತೆ. ಮತ್ತೆ ಆ ಹತ್ತು ವರ್ಷ ಅವರು ಕೂತಿರ್ಲಿಲ್ಲ, ಎರಡು ಮಕ್ಕಳನ್ನ ಸಾಕಿದ್ರು, ಅದರಲ್ಲಿ ಒಂದು ಮಗು ದಿನ ತುಂಬದೆ ಹುಟ್ಟಿದ್ದು.

ಗಾಡ್-7 ಅನ್ನೋ ಏಳು ಪ್ರಶ್ನೆಯ ಆತಂಕದ ಸ್ಕೇಲ್ ಹಾಕಿದಾಗ 14 ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಸುಮ್ನೆ ಬಿಡಬಾರದು. ನಾನು ಔಷಧಿ ಕೊಡೋಳಲ್ಲ, ಅದ್ರಿಂದ ಮೊದಲು ಅಲ್ಲಿನ ನಿಮ್ಮ ಪ್ರೈಮರಿ ಡಾಕ್ಟರ್ ನೋಡಿ, ಥೈರಾಯ್ಡ್, ಹಿಮೋಗ್ಲೋಬಿನ್ ಚೆಕ್ ಮಾಡಿಸಿ, ನಿದ್ದೆ ಬಗ್ಗೆ ನೇರವಾಗಿ ಹೇಳಿ ಅಂದೆ. ಮಾಡಿಸಿದ್ರು, ಸ್ವಲ್ಪ ರಕ್ತ ಕಮ್ಮಿ ಇತ್ತು ಅಷ್ಟೇ. ಜೊತೆಗೆ ಎರಡು ನಿಯಮ. ಪೋರ್ಟಲ್ ನೋಡೋದು ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಊಟ ಆದ್ಮೇಲೆ, ನೋಟಿಫಿಕೇಶನ್ ಆಫ್, ಫೋನು ರಾತ್ರಿ ಅಡುಗೆಮನೇಲಿ ಚಾರ್ಜ್ ಆಗ್ಲಿ. ಇನ್ನೊಂದು, ಸಂಜೆ 20 ನಿಮಿಷ ಕೂತು ಚಿಂತೆಗಳನ್ನೆಲ್ಲ ಬರೆಯೋದು, ಬೇರೆ ಹೊತ್ತಲ್ಲಿ ಚಿಂತೆ ಬಂದ್ರೆ ‘ಸಂಜೆಗೆ ಬಾ’ ಅಂತ ಕಳಿಸೋದು. ಕೇಳೋಕೆ ತೀರಾ ಸಣ್ಣದು ಅನ್ಸುತ್ತೆ, ಆದ್ರೆ ಚಿಂತೆಗೆ ಒಂದು ಹೊತ್ತು ಜಾಗ ಅಂತ ಗೊತ್ತುಮಾಡಿದ್ರೆ ಮಿಕ್ಕ ಹೊತ್ತು ತಲೆ ಸ್ವಲ್ಪ ಹಗುರ ಇರುತ್ತೆ, ಇದನ್ನ ನಾನು ಬಹಳ ಜನರಲ್ಲಿ ನೋಡಿದೀನಿ. ಮೊದಲ ವಾರ ಆಗ್ಲಿಲ್ಲ. ಮೂರನೇ ವಾರ ಹೊತ್ತಿಗೆ ಬೆಳಗಿನ ಜಾವ ಎಚ್ಚರ ಆದ್ರೂ ಎದ್ದು ಹೋಗ್ತಿರ್ಲಿಲ್ಲ.

ಸಂಜೆ ಬರೆದ ಹಾಳೆಗಳನ್ನ ಒಟ್ಟಿಗೆ ಓದಿದ್ವಿ. ಮಾರ್ಕ್ಸು, ಫೀಸು ಎಲ್ಲಾ ಮೇಲಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಅತ್ತೆ’ ಅಂತ ಒಂದೇ ಪದ. ಕೇಳ್ದಾಗ ಅತ್ತುಬಿಟ್ರು. ಊರಿಗೆ ಫೋನ್ ಮಾಡಿದಾಗ ಅತ್ತೆ ಅಂದಿದ್ರಂತೆ, ‘ಇಂಜಿನಿಯರ್ ಸೊಸೆ ತಂದ್ವಿ ಅಂತ ನಾಲ್ಕು ಜನದ ಮುಂದೆ ಹೇಳ್ಕೊಂಡಿದ್ದೆ ಕಣವ್ವ, ಈಗ ಯಾರ್ಯಾರ್ದೋ ಮಲಮೂತ್ರ ಬಳಿಯೋಕೆ ಹೋಗ್ತೀಯಾ’ ಅಂತ. ಸುಮಾ ಅವರ ತಾಯಿನೂ ಬೇರೆ ಮಾತಲ್ಲಿ ಅದನ್ನೇ ಹೇಳಿದ್ರು. ನಮ್ಮಲ್ಲಿ ಆಸ್ಪತ್ರೆಗೆ ಹೋದಾಗ ಸಿಸ್ಟರ್ ಸಿಸ್ಟರ್ ಅಂತ ಕರೀತೀವಿ, ಮನೆ ಮಗಳು ಅದೇ ಆಗ್ತೀನಿ ಅಂದ್ರೆ ಮುಖ ಸಿಂಡರಿಸ್ತೀವಿ, ಮಡಿ ಮೈಲಿಗೆ ಲೆಕ್ಕ ಇನ್ನೂ ಹೋಗಿಲ್ಲ. ಅಮೆರಿಕದಲ್ಲಿ ಆರ್‌ಎನ್‌ಗಳ ಮಧ್ಯಮ ಸಂಬಳ 2023ರಲ್ಲಿ ವರ್ಷಕ್ಕೆ 86 ಸಾವಿರ ಡಾಲರ್ ಇತ್ತು ಅಂತ ಸುಮಾ ಮನೆಯವರಿಗೆ ಹೇಳಿ ಬಾಯಿ ಮುಚ್ಚಿಸೋಕೆ ನೋಡಿದ್ರು. ಅದು ಬೇಡ ಅಂದೆ. ಸಂಬಳ ತೋರಿಸಿ ಮಾನ ಕೊಂಡ್ಕೊಳ್ಳೋಕೆ ಹೋದ್ರೆ ಆ ಕೆಲಸ ಕೀಳು ಅಂತ ನಾವೂ ಒಪ್ಪಿದ ಹಾಗೆ.

ಬದಲಿಗೆ ಕೇಳ್ದೆ, ಇದೇ ಕೆಲಸ ಯಾಕೆ ಬೇಕು ನಿಮಗೆ? ಅರ್ಜಿಲಿ ಅವರು ಬರೆದಿದ್ದ ಪ್ರಬಂಧದಲ್ಲಿ ‘ಬಾಲ್ಯದಿಂದಲೂ ಸೇವಾ ಮನೋಭಾವ’ ಅಂತ ಇತ್ತು. ಅದು ಯಾರು ಬೇಕಾದ್ರೂ ಬರೆಯೋ ಸಾಲು. ಕೆದಕಿದಾಗ ನಿಜವಾದ್ದು ಬಂತು. ಮಗ 31 ವಾರಕ್ಕೇ ಹುಟ್ಟಿ ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ಐಸಿಯುನಲ್ಲಿ, ಇದ್ದಾಗ ರಾತ್ರಿ ಪಾಳಿಯ ನರ್ಸ್ ಒಬ್ರು ಮಗುವಿನ ಒದ್ದೆ ಡೈಪರ್ ಬಿಚ್ಚಿ ಸಣ್ಣ ತಕ್ಕಡಿ ಮೇಲೆ ಇಟ್ಟು, ಒಣ ಡೈಪರ್ ತೂಕ ಕಳೆದು, ಬಂದ ಗ್ರಾಂ ಎಷ್ಟೋ ಅಷ್ಟು ಎಂಎಲ್ ಮೂತ್ರ ಅಂತ ಚಾರ್ಟಲ್ಲಿ ಬರ್ಕೊಂಡ್ರಂತೆ. ಯಾಕೆ ಅಂತ ಸುಮಾ ಕೇಳಿದ್ದಕ್ಕೆ, ಒಳಗೆ ಹೋದ ನೀರೆಷ್ಟು ಹೊರಗೆ ಬಂದಿದ್ದೆಷ್ಟು ಗೊತ್ತಾದ್ರೆ ಮಗುವಿನ ಕಿಡ್ನಿ ಹೆಂಗಿದೆ, ನೀರಿನಂಶ ಸಾಕಾ ಅಂತ ಗೊತ್ತಾಗುತ್ತೆ ಅಂತ ವಿವರಿಸಿ, ಮುಂದಿನ ಸಲ ನೀವೇ ತೂಕ ಹಾಕಿ ಅಂತ ಅವರ ಕೈಗೇ ಕೊಟ್ರು. ಭಯದಲ್ಲಿ ನಡುಗ್ತಿದ್ದ ತಾಯಿಗೆ ಮಾಡೋಕೆ ಒಂದು ಕೆಲಸ ಸಿಕ್ತು, ಅರ್ಥ ಮಾಡ್ಕೊಳ್ಳೋಕೆ ಒಂದು ಲೆಕ್ಕ ಸಿಕ್ತು. ‘ನನಗೆ ಅವತ್ತೇ ಅನ್ಸಿತ್ತು, ಇದು ನನ್ನ ತಲೆಗೆ ಹೊಂದೋ ಕೆಲಸ ಅಂತ’ ಅಂದ್ರು. ನೋಡಿ, ಅತ್ತೆ ಮಲಮೂತ್ರ ಅಂದಿದ್ದೂ ಅದೇ, ಇವರಿಗೆ ದಾರಿ ತೋರಿಸಿದ್ದೂ ಅದೇ. ಅದನ್ನ ನಾಚಿಕೆ ಅಂತ ಪ್ರಬಂಧದಿಂದ ಬಿಟ್ಟುಬಿಟ್ಟಿದ್ರು. ಮುಂದಿನ ಯಾವುದೇ ಅರ್ಜಿಗೆ, ವೇಟ್‌ಲಿಸ್ಟ್ ಕಾಲೇಜಿಗೆ ಬರೆಯೋ ಪತ್ರಕ್ಕೆ ಇದನ್ನೇ ಬರೀರಿ ಅಂದೆ.

ಆಮೇಲೆ ವ್ಯವಹಾರದ ಮಾತು. ಡಿಪಾಸಿಟ್ ಕೇಳಿದ ಕಾಲೇಜಿಗೆ ಹೆದರಿ ದುಡ್ಡು ಕಟ್ಟೋಕೆ ಮುಂಚೆ ಕೆಲವು ಪ್ರಶ್ನೆ ಕೇಳಿ ಅಂತ ಬರೆಸಿದೆ. ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆಗಳಾದ ಸಿಸಿಎನ್ಇ ಅಥವಾ ಏಸೆನ್‌ನಿಂದ ಮಾನ್ಯತೆ ಇದೆಯಾ, ಸ್ಟೇಟ್ ಬೋರ್ಡ್ ಆಫ್ ನರ್ಸಿಂಗ್ ಅನುಮತಿ ಇದೆಯಾ, ಎನ್‌ಕ್ಲೆಕ್ಸ್ ಮೊದಲ ಸಲಕ್ಕೆ ಪಾಸಾದವರು ಎಷ್ಟು (2023ರಲ್ಲಿ ಅಮೆರಿಕದಲ್ಲೇ ಓದಿದವರಲ್ಲಿ ಶೇಕಡ 88ರಷ್ಟು ಮೊದಲ ಸಲಕ್ಕೇ ಪಾಸಾಗಿದಾರೆ, ಅದಕ್ಕಿಂತ ತೀರಾ ಕೆಳಗಿದ್ರೆ ಯೋಚನೆ ಮಾಡಿ), ಮುಖ್ಯವಾಗಿ, ಸೇರಿದವರಲ್ಲಿ ಎಷ್ಟು ಜನ ಟೈಮಿಗೆ ಸರಿಯಾಗಿ ಮುಗಿಸಿದ್ರು. ಪಾಸ್ ಆದವರ ಪರ್ಸೆಂಟೇಜ್ ಎಲ್ರೂ ತೋರಿಸ್ತಾರೆ, ಮಧ್ಯದಲ್ಲೇ ಬಿಟ್ಟವರ ಲೆಕ್ಕ ನಾವೇ ಬಾಯಿಬಿಟ್ಟು ಕೇಳ್ಬೇಕು. ಒಂದು ಸಬ್ಜೆಕ್ಟ್ ಹೋದ್ರೆ ಏನು ಮಾಡ್ತೀರಿ ಅಂತಾನೂ. ಆ ಕಾಲೇಜಿಂದ ಮುಗಿಸಿದವರ ಲೆಕ್ಕಕ್ಕೆ ನೇರ ಉತ್ತರ ಬರ್ಲಿಲ್ಲ. ಎರಡನೇ ಡಿಗ್ರಿಗೆ ಪೆಲ್ ಗ್ರಾಂಟ್, ಅಂದ್ರೆ ವಾಪಸ್ ಕಟ್ಟಬೇಕಿಲ್ಲದ ಸರ್ಕಾರಿ ನೆರವು, ಸಿಗಲ್ಲ, ಉಳಿದದ್ದೆಲ್ಲ ಸಾಲ ಅಂತ ಲೆಕ್ಕ ಹಾಕಿದ್ಮೇಲೆ ಸುಮಾ ತಾವಾಗೇ ಆ ಸೀಟ್ ಬಿಟ್ರು. ನಾನು ಬಿಡಿ ಅನ್ಲಿಲ್ಲ, ಆದ್ರೆ ಬಿಟ್ಟಿದ್ದು ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ದಾರಿನೂ ಪಕ್ಕದಲ್ಲಿ ಇಟ್ಕೊಳ್ಳಿ ಅಂದೆ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಫೀಸು ತುಂಬ ಕಮ್ಮಿ, ಅದೇ ಎನ್‌ಕ್ಲೆಕ್ಸ್, ಅದೇ ಆರ್‌ಎನ್, ಬಿಎಸ್‌ಎನ್, ಅಂದ್ರೆ ಬಿಎಸ್‌ಸಿ ನರ್ಸಿಂಗ್, ಆಮೇಲೆ ಕೆಲಸ ಮಾಡ್ತಾನೇ ಮಾಡ್ಕೋಬಹುದು. 15 ತಿಂಗಳಿಗೂ ಎರಡು ವರ್ಷಕ್ಕೂ ಇರೋದು ಒಂಬತ್ತೇ ತಿಂಗಳು ವ್ಯತ್ಯಾಸ, ಆ ಒಂಬತ್ತು ತಿಂಗಳಿಗಾಗಿ ನಿದ್ದೆ ಕಳ್ಕೊಳ್ತಿದ್ದೆನಾ ಅಂತ ಅವರೇ ಅಂದ್ರು.

ಕಾಯೋ ಟೈಮಲ್ಲಿ ಸಿಎನ್ಎ, ಅಂದ್ರೆ ನರ್ಸಿಂಗ್ ಅಸಿಸ್ಟೆಂಟ್ ಟ್ರೈನಿಂಗ್ ಮಾಡಿ ಅಂತ ಸೂಚಿಸಿದೆ. ಫೆಡರಲ್ ನಿಯಮದಲ್ಲಿ ಕನಿಷ್ಠ 75 ಗಂಟೆ. ವಯಸ್ಸಾದವರಿಗೆ ಸ್ನಾನ ಮಾಡ್ಸೋದು, ಬೆಡ್‌ಪ್ಯಾನ್ ಕೊಡೋದು, ಮಗ್ಗುಲು ಬದಲಾಯ್ಸೋದು ಎಲ್ಲಾ ಕೈಯಾರೆ ಮಾಡ್ಬೇಕು. ಈ ಕೆಲಸ ನಂಗಾಗುತ್ತಾ ಅನ್ನೋ ಪ್ರಶ್ನೆಗೆ ಯೋಚನೆ ಮಾಡ್ತಾ ಕೂತ್ರೆ ಉತ್ತರ ಸಿಗಲ್ಲ. ಮೊದಲ ದಿನ ವಾಂತಿ ಬರೋ ಹಾಗಾಯ್ತು ಅಂದ್ರು, ಎರಡನೇ ವಾರ ಒಬ್ಬ ಅಜ್ಜಿ ಇವರನ್ನೇ ಕರೀರಿ ಅಂತ ಹಠ ಹಿಡಿದ್ರು ಅಂತ ಖುಷಿಯಾಗಿ ಹೇಳಿದ್ರು.

ಗಂಡನ ವಿಷಯ ಕೊನೆಗೆ ಬಂತು, ಮೊದಲೇ ಬರ್ಬೇಕಿತ್ತು. ಅವರು ಒಳ್ಳೆಯವರು, ಬೇಡ ಅಂದಿಲ್ಲ, ‘ನಿನ್ನಿಷ್ಟ’ ಅಂದಿದಾರೆ. ಆದ್ರೆ ಬೆಳಗ್ಗೆ ಮಕ್ಕಳನ್ನ ಸ್ಕೂಲ್ ಬಸ್ಸಿಗೆ ಹತ್ತಿಸೋರು ಯಾರು, ಡಬ್ಬಿ ಕಟ್ಟೋರು ಯಾರು ಅನ್ನೋದು ಇಬ್ರೂ ಮಾತಾಡಿರ್ಲಿಲ್ಲ. ಒಂದು ಸೆಷನ್‌ಗೆ ಅವರನ್ನೂ ಕೂರಿಸಿ, ಒಂದು ಹಾಳೆ ಮೇಲೆ ಕ್ಲಿನಿಕಲ್ ಇರೋ ಒಂದು ದಿನ ಬರೀರಿ ಅಂದೆ. 12 ಗಂಟೆ ಪಾಳಿ, ಏಳಕ್ಕೆ ವಾರ್ಡಲ್ಲಿ ಇರ್ಬೇಕು, ಮನೆ ಬಿಡೋದು ಐದೂಮುಕ್ಕಾಲು, ವಾಪಸ್ ಬರೋದು ರಾತ್ರಿ ಎಂಟೂವರೆ. ಹಾಳೆ ತುಂಬಿದ ಹಾಗೆ ಅವರ ಮುಖ ಬದಲಾಯ್ತು. ‘ಬೆಳಗ್ಗೆ ಎಂಟರ ಮೀಟಿಂಗ್ ನಾನು ಮೂವ್ ಮಾಡಿಸ್ಬೇಕು ಹಂಗಿದ್ರೆ’ ಅಂದ್ರು. ಸುಮಾ ಅವರ ಕಡೆ ತಿರುಗಿ ನೋಡಿದ್ರು, ಇಷ್ಟು ತಿಂಗಳಲ್ಲಿ ಗಂಡ ಕೊಟ್ಟ ಮೊದಲ ನಿಜವಾದ ಒಪ್ಪಿಗೆ ಅದು. ಅತ್ತೆಗೆ ಹೇಳೋ ಜವಾಬ್ದಾರಿನೂ ಸೊಸೇದಲ್ಲ, ಮಗಂದು ಅಂತ ಅಲ್ಲೇ ತೀರ್ಮಾನ ಆಯ್ತು.

ಇದೇ ಯೋಚನೇಲಿ ಇರೋ ಬೇರೆಯವರಿಗೆ ಎರಡು ಮಾತು. ನೀವು ಎಚ್4, ಅಂದ್ರೆ ಎಚ್1ಬಿ ಇರೋರ ಗಂಡ ಅಥವಾ ಹೆಂಡತಿಗೆ ಸಿಗೋ ವೀಸಾ ಮೇಲೆ ಇದ್ರೆ ಓದೋಕೆ ತೊಂದರೆ ಇಲ್ಲ, ಕೆಲಸ ಮಾಡೋಕೆ ಮಾತ್ರ ಇಎಡಿ, ಅಂದ್ರೆ ಕೆಲಸದ ಅನುಮತಿ ಪತ್ರ ಬೇಕು, ಇದನ್ನ ಇಮಿಗ್ರೇಷನ್ ಲಾಯರ್ ಹತ್ರ ಕೂತು ಮಾತಾಡಿ ಆಮೇಲೆ ದುಡ್ಡು ಹಾಕಿ. ನಿಮ್ಮದು ಮೂರು ವರ್ಷದ ಬಿಕಾಂ, ಬಿಎಸ್‌ಸಿ ಆದ್ರೆ ಕೆಲವು ಕಾಲೇಜು ಅದನ್ನ ಅಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಒಪ್ಪಲ್ಲ, ಪ್ರಿರಿಕ್ವಿಸಿಟ್‌ಗೆ ಸೇರೋ ಮುಂಚೆನೇ ಈಮೇಲ್ ಬರೆದು ಕೇಳಿ, ಉತ್ತರ ಉಳಿಸ್ಕೊಳ್ಳಿ. ಅನಾಟಮಿ ಲ್ಯಾಬ್ ಆನ್‌ಲೈನ್ ಮಾಡಿದ್ರೆ ನಡೆಯುತ್ತಾ, ಹಳೆ ಸೈನ್ಸ್ ಕೋರ್ಸು ಎಷ್ಟು ವರ್ಷದವರೆಗೆ ನಡೆಯುತ್ತೆ ಅನ್ನೋದೂ ಕಾಲೇಜಿಂದ ಕಾಲೇಜಿಗೆ ಬೇರೆ.

ಜೂನ್ ಕೊನೇಲಿ ಸುಮಾ ಅವರಿಗೆ ವೇಟ್‌ಲಿಸ್ಟ್ ಕಾಲೇಜಿಂದ ಸೀಟ್ ಬಂತು, ಆಗಸ್ಟ್‌ಗೆ ಕ್ಲಾಸು. ಗಾಡ್-7 ಈಗ 7. ಅತ್ತೆ ಇನ್ನೂ ಸರಿಯಾಗಿ ಮಾತಾಡ್ತಿಲ್ಲ, ಮೊಮ್ಮಕ್ಕಳ ಜೊತೆ ಮಾತ್ರ ಮಾತು. ಈಗಿನ ಹೊಸ ಭಯ ಡೋಸೇಜ್ ಕ್ಯಾಲ್ಕ್ಯುಲೇಶನ್ ಟೆಸ್ಟ್, ಔಷಧಿ ಪ್ರಮಾಣದ ಲೆಕ್ಕ, ಅವರ ಕಾಲೇಜಲ್ಲಿ 90 ಬರದಿದ್ರೆ ಕ್ಲಿನಿಕಲ್‌ಗೆ ಬಿಡಲ್ಲ, ಎಂ-3 ಮತ್ತೆ ನೆನಪಾಗ್ತಿದೆ ಅಂತ. ದಿನಕ್ಕೆ ಹತ್ತು ಲೆಕ್ಕ, ಮಗಳ ಹೋಮ್‌ವರ್ಕ್ ಪಕ್ಕದಲ್ಲೇ ಕೂತು ಮಾಡಿ ಅಂದಿದೀನಿ. ಕ್ಲಾಸ್ ಶುರು ಆದ್ಮೇಲೆ ತಿಂಗಳಿಗೆ ಒಂದು ಸಲ ಅರ್ಧ ಗಂಟೆ ಮಾತಾಡೋದು ಅಂತ ಇಟ್ಕೊಂಡಿದೀವಿ, ಪರೀಕ್ಷೆ ಇರೋ ವಾರ ಬಿಟ್ಟು.