ಜಾಮ್ ಆದ ಬ್ರೇಕ್ ರಾಡ್: ಗಾಡಿಯಲ್ಲಿಟ್ಟು ತಿರುಚಬೇಡಿ, ಬಿಚ್ಚಿ ಕೆಳಗಿಳಿಸಿ

ನಿಮ್ಮ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ಮಿನಿ ಟ್ರ್ಯಾಕ್ಟರ್‌ನ ಬಲಗಡೆ ಬ್ರೇಕ್ ರಾಡ್ (ಪೆಡಲಿನಿಂದ ಬ್ರೇಕಿಗೆ ಬಲ ಒಯ್ಯುವ ಸರಳು) ಜಾಮ್ ಆಗಿದೆ. ರಾತ್ರಿ ಒಂದು ಸಲ ಸ್ಪ್ರೇ ಹೊಡೆದಿದ್ದೀರಿ. ಬೆಳಿಗ್ಗೆ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಹಾಕಿ ಎಳೆದು ಲಾಕ್ ನಟ್ಟಿನ ಮೂಲೆ ಸವೆಸಿದ್ದೀರಿ. ಈಗ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ತಿರುಗಿಸುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಆ ಪೈಪ್ ಕೆಳಗಿಡಿ.

ನನ್ನ ಗಾಡಿಯ ಎಡಗಡೆ ರಾಡ್ ಹೀಗೇ ಪೈಪ್ ಹಾಕಿ ತಿರುಗಿಸಿದಾಗ ಯೋಕ್ (ಪಿನ್ ಕೂರುವ ಕವಲು ತುದಿ) ಹತ್ತಿರ ತಿರುಚಿಕೊಂಡು ತುಂಡಾಯಿತು. ರಾಡ್ ಹೋದರೆ ಹೋಗಲಿ, ಹೊಸದು ಸಿಗುತ್ತದೆ. ಆದರೆ ಅದೇ ಏಟಿಗೆ ಬ್ರೇಕ್ ಹೌಸಿಂಗ್ ಒಳಗೆ ಹೋಗಿ ಬ್ರೇಕ್ ಒತ್ತುವ ಕ್ಯಾಮ್ ಶಾಫ್ಟ್ ಅಲುಗಿ ಅದರ ಸೀಲ್ ಕೂಡ ಹೋಯಿತು. ಅಲ್ಲಿಂದ ಎಣ್ಣೆ ಸೋರಲು ಶುರುವಾಯಿತು. ಒಂದು ಸಣ್ಣ ಸೀಲಿಗಾಗಿ ಇಡೀ ಬ್ರೇಕ್ ಹೌಸಿಂಗ್ ಬಿಚ್ಚಬೇಕಾಯಿತು. ಗಾಡಿಯ ಮೇಲೇ ರಾಡ್ ತಿರುಚಿದರೆ ನಿಮ್ಮ ಬಲವೆಲ್ಲ ಹೋಗಿ ಬೀಳುವುದು ಆ ಕ್ಯಾಮ್ ಶಾಫ್ಟಿನ ಲಿವರಿನ ಮೇಲೆ. ಅದು ಬ್ರೇಕ್ ಒತ್ತುವ ದಿಕ್ಕಿಗೆ ಮಾತ್ರ ಬಲ ತಡೆಯುವ ಭಾಗ. ಅಡ್ಡ ತಿರುಚನ್ನು ತಡೆಯುವುದಿಲ್ಲ.

ಅದಕ್ಕೇ ಮೊದಲ ಕೆಲಸ, ಎರಡೂ ತುದಿಯ ಪಿನ್ ತೆಗೆದು ರಾಡನ್ನು ಪೂರ್ತಿ ಕೆಳಗಿಳಿಸುವುದು. ಅದಕ್ಕೂ ಮುಂಚೆ ಪಿನ್ನಿಂದ ಪಿನ್ನಿಗೆ ಎಷ್ಟು ಉದ್ದ ಇದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಎರಡೂ ಕಡೆ ಹೊರಗೆ ಕಾಣುವ ಥ್ರೆಡ್ ಎಷ್ಟಿದೆ ಅಂತಲೂ ಒಂದು ಫೋಟೋ ಇರಲಿ. ಆಮೇಲೆ ಜೋಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ರಾಡ್ ಬಿಚ್ಚಿದಾಗ ಇನ್ನೊಂದು ಲಾಭ ಇದೆ. ನಿಜವಾಗಿ ಜಾಮ್ ಆಗಿರುವುದು ಏನು ಅಂತ ಆಗ ಗೊತ್ತಾಗುತ್ತದೆ. ರಾಡ್ ಇಲ್ಲದೆ ಪೆಡಲ್ ಒತ್ತಿ ಬಿಡಿ. ತಾನಾಗಿ ವಾಪಸ್ ಬರುತ್ತದಾ? ಬರದಿದ್ದರೆ ಪೆಡಲ್ ಶಾಫ್ಟೂ ಹಿಡಿದುಕೊಂಡಿದೆ. ಎಡ ಬಲ ಬ್ರೇಕ್ ಬೇರೆ ಬೇರೆ ಇರುವ ಎಷ್ಟೋ ಗಾಡಿಗಳಲ್ಲಿ ಒಂದು ಪೆಡಲ್ ಶಾಫ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ಅದೇ ಶಾಫ್ಟಿನ ಮೇಲೆ ಬುಷ್‌ನಲ್ಲಿ ತಿರುಗುತ್ತದೆ. ಆ ಬುಷ್ ಒಣಗಿದರೆ ಒಂದು ಪೆಡಲ್ ಒತ್ತಿದಾಗ ಇನ್ನೊಂದೂ ಜೊತೆಗೆ ಇಳಿಯುತ್ತದೆ. ಜನ ಅದನ್ನು ಅಡ್ಜಸ್ಟ್‌ಮೆಂಟ್ ತಪ್ಪು ಅಂತ ತಿಳಿದು ರಾಡ್ ಹಿಂದೆ ಬೀಳುತ್ತಾರೆ. ಆಮೇಲೆ ಹೌಸಿಂಗ್ ಪಕ್ಕದ ಕ್ಯಾಮ್ ಲಿವರನ್ನು ಕೈಯಲ್ಲಿ ಆಡಿಸಿ. ಸ್ವಲ್ಪ ದೂರ ಸಲೀಸಾಗಿ ಹೋಗಿ ಅಲ್ಲಿ ಗಟ್ಟಿ ಆಗಬೇಕು, ಬಿಟ್ಟರೆ ಸಡಿಲ ಆಗಬೇಕು. ಅದೇ ಅಲುಗದಿದ್ದರೆ ರಾಡ್ ಸರಿ ಮಾಡಿ ಏನೂ ಪ್ರಯೋಜನ ಇಲ್ಲ.

ಪಿನ್ ಬರುತ್ತಿಲ್ಲ ಅನ್ನುತ್ತೀರಿ, ಅಲ್ವಾ? ಸ್ಪ್ಲಿಟ್ ಪಿನ್ ತುಕ್ಕು ಹಿಡಿದಿದ್ದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ತಲೆ ಕತ್ತರಿಸಿ, ಉಳಿದದ್ದನ್ನು ಸಣ್ಣ ಪಂಚಿನಿಂದ ಹೊಡೆದು ಹಾಕಿ. ಆಗದಿದ್ದರೆ ಡ್ರಿಲ್ ಮಾಡಿ. ದೊಡ್ಡ ಪಿನ್ನನ್ನು ಮೊದಲು ಇದ್ದಲ್ಲೇ ತಿರುಗಿಸಿ ನೋಡಿ. ಪಿನ್ ತಿರುಗಿತು ಅಂದರೆ ಬರುತ್ತದೆ ಅಂತಲೇ ಅರ್ಥ. ತಿರುಗದಿದ್ದರೆ ಸುತ್ತಿಗೆಗಿಂತ ಜಿ-ಕ್ಲ್ಯಾಂಪ್ ಒಳ್ಳೆಯದು. ಒಂದು ಕಡೆ ಪಿನ್ನಿಗಿಂತ ದೊಡ್ಡ ಸಾಕೆಟ್ ಇಟ್ಟು, ಇನ್ನೊಂದು ಕಡೆ ಪಿನ್ನಿಗಿಂತ ಸಣ್ಣ ಬೋಲ್ಟ್ ಇಟ್ಟು ಬಿಗಿ ಮಾಡಿ. ಬಿಗಿ ಇದ್ದಾಗಲೇ ಯೋಕ್ ಪಕ್ಕಕ್ಕೆ ಸಣ್ಣಗೆ ತಟ್ಟಿ. ಸುತ್ತಿಗೆಯೇ ಬೇಕು ಅಂದರೆ ಯೋಕ್ ಹಿಂದೆ ಭಾರದ ಕಬ್ಬಿಣ ಆನಿಸಿ ಹೊಡೆಯಿರಿ. ಏನೂ ಆನಿಸದೆ ಹೊಡೆದರೆ ಮತ್ತೆ ಕ್ಯಾಮ್ ಶಾಫ್ಟೇ ಏಟು ತಿನ್ನುತ್ತದೆ.

ರಾಡ್ ವೈಸಿಗೆ ಬಂತು ಅಂದುಕೊಳ್ಳೋಣ. ಈಗ ದಿಕ್ಕು. ಟರ್ನ್ ಬಕಲ್ (ತಿರುಗಿಸಿ ರಾಡಿನ ಉದ್ದ ಹೊಂದಿಸುವ ನಡುವಿನ ಭಾಗ) ಇರುವ ರಾಡಿನಲ್ಲಿ ಒಂದು ತುದಿ ಮಾಮೂಲಿ ಥ್ರೆಡ್, ಇನ್ನೊಂದು ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು. ನಿಮ್ಮ ಫೋಟೋದಲ್ಲಿ ಸವೆದಿರುವ ನಟ್ ನೋಡಿದರೆ ನೀವು ಉಲ್ಟಾ ಥ್ರೆಡ್ಡಿನ ನಟ್ಟನ್ನು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದೀರಿ ಅಂತ ನನಗೆ ಅನುಮಾನ. ರಾಡನ್ನು ನೆಟ್ಟಗೆ ನಿಲ್ಲಿಸಿ ಥ್ರೆಡ್ ನೋಡಿ. ಗೆರೆಗಳು ಬಲಕ್ಕೆ ಏರುತ್ತಿದ್ದರೆ ಮಾಮೂಲಿ, ಎಡಕ್ಕೆ ಏರುತ್ತಿದ್ದರೆ ಉಲ್ಟಾ. ಕೆಲವು ಉಲ್ಟಾ ನಟ್ಟುಗಳ ಮೂಲೆಗಳಲ್ಲಿ ಸುತ್ತಲೂ ಸಣ್ಣ ಗೀರು ಇರುತ್ತದೆ. ಗೀರು ಇಲ್ಲ ಅಂತ ಮಾಮೂಲಿ ಅಂದುಕೊಳ್ಳಬೇಡಿ, ಥ್ರೆಡ್ಡನ್ನೇ ನಂಬಿ. ವೈರ್ ಬ್ರಷ್ ಹಾಕಿ ಉಜ್ಜದೆ ಇದು ಕಾಣುವುದಿಲ್ಲ. ಹೇಗಿದ್ದರೂ ಉಜ್ಜಲೇಬೇಕು. ಹೊರಗಿನ ಥ್ರೆಡ್ಡಿನಲ್ಲಿ ಕೊಳೆ ಇಟ್ಟುಕೊಂಡು ನಟ್ ಬಿಚ್ಚಿದರೆ ಆ ಕೊಳೆಯೇ ಮುಂದೆ ನಟ್ ಹಿಡಿಯುತ್ತದೆ.

ಇನ್ನು ನಾನು ಕಣ್ಣು ಮುಚ್ಚಿ ನಂಬುವ ವಿಧಾನ: ಬಿಸಿ ಮತ್ತು ಮೇಣ. ಸ್ಪ್ರೇ ಡಬ್ಬಿಗಳ ಮೇಲೆ ಜನ ಇಟ್ಟಿರುವ ನಂಬಿಕೆಯಲ್ಲಿ ಅರ್ಧ ಇದರ ಮೇಲೆ ಇಟ್ಟರೆ ಎಷ್ಟೋ ರಾಡ್ ಉಳಿಯುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅದಕ್ಕೇ ಥ್ರೆಡ್ ಒಳಗೆ ಎಣ್ಣೆ ಹೋಗಲು ಸಂದೇ ಇರುವುದಿಲ್ಲ. ಬಿಸಿ ಆ ಸಂದು ಮಾಡಿಕೊಡುತ್ತದೆ. 12 ಮಿ.ಮೀ. ನಟ್ಟನ್ನು ರಾಡಿಗಿಂತ 200 ಡಿಗ್ರಿ ಜಾಸ್ತಿ ಬಿಸಿ ಮಾಡಿದರೆ ಅದರ ತೂತು ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ತುಕ್ಕಿನ ಹಿಡಿತ ಒಡೆಯಲು ಅಷ್ಟೇ ಬೇಕಾಗಿರುವುದು.

ಸಣ್ಣ ಗ್ಯಾಸ್ ಟಾರ್ಚ್ ಸಾಕು. ಜ್ವಾಲೆ ನಟ್ಟಿಗೆ ಮಾತ್ರ ತಾಗಬೇಕು, ರಾಡಿಗೆ ಅಲ್ಲ. ನಟ್ಟನ್ನು ಸುತ್ತಲೂ ಬೇಗ ಬಿಸಿ ಮಾಡಿ. ನಿಧಾನ ಮಾಡಿದರೆ ರಾಡೂ ಜೊತೆಗೆ ಬಿಸಿಯಾಗಿ ಹಿಗ್ಗುತ್ತದೆ, ಸಂದು ಸಿಗುವುದಿಲ್ಲ. ಕೆಂಪಗೆ ಮಾಡುವ ಅಗತ್ಯ ಇಲ್ಲ. ಟಾರ್ಚ್ ಪಕ್ಕಕ್ಕಿಟ್ಟು ಸಾದಾ ಮೇಣದಬತ್ತಿಯನ್ನು ಥ್ರೆಡ್ ಮತ್ತು ನಟ್ ಸೇರುವ ಜಾಗಕ್ಕೆ ಒತ್ತಿ. ಸರಿಯಾದ ಬಿಸಿ ಇದ್ದರೆ ಮೇಣ ತಕ್ಷಣ ಕರಗಿ ಒಳಗೆ ಎಳೆದುಕೊಂಡು ಹೋಗುತ್ತದೆ. ಮೇಣ ಹೊತ್ತಿಕೊಂಡರೆ ಬಿಸಿ ಜಾಸ್ತಿ ಆಯಿತು ಅಂತ ಅರ್ಥ, ಸ್ವಲ್ಪ ಕಾಯಿರಿ. ಸುಮ್ನೆ ಮೇಲೆ ಗಟ್ಟಿಯಾಗಿ ಕೂತರೆ ಬಿಸಿ ಸಾಲದು.

ಆಮೇಲೆ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲಷ್ಟು ತಿರುಗಿಸಿ. ಇದನ್ನು ಯಾರೂ ಮಾಡುವುದಿಲ್ಲ, ನೇರವಾಗಿ ಬಿಚ್ಚಲು ಹೋಗುತ್ತಾರೆ. ತುಕ್ಕು ಒಡೆದರೆ ಸಾಕು, ಯಾವ ದಿಕ್ಕಿಗೆ ಒಡೆದರೂ ಒಂದೇ. ಒಡೆದ ಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್ ಬನ್ನಿ, ಮತ್ತೆ ಬಿಚ್ಚಿ. ಗಟ್ಟಿ ಆಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಮತ್ತೆ ಬಿಸಿ, ಮತ್ತೆ ಮೇಣ. ಒಂದೇ ಸಲಕ್ಕೆ ಬರಬೇಕು ಅಂತ ಹಠ ಹಿಡಿದವರು ಥ್ರೆಡ್ ಹಾಳು ಮಾಡುತ್ತಾರೆ. ಪೂರ್ತಿ ಆರಲು ಬಿಟ್ಟು ಮತ್ತೆ ಬಿಸಿ ಮಾಡುವುದೂ ಕೆಲಸವೇ. ಹಿಗ್ಗಿ ಕುಗ್ಗುವಾಗ ತುಕ್ಕು ತಾನೇ ಬಿರುಕು ಬಿಡುತ್ತದೆ.

ಬಿಸಿಯ ವಿಷಯದಲ್ಲಿ ಎಚ್ಚರಿಕೆಗಳಿವೆ, ಇವನ್ನು ಹಾರಿಸಿ ಓದಬೇಡಿ. ಟರ್ನ್ ಬಕಲ್ ಮುಚ್ಚಿದ ಕೊಳವೆಯಂತಿದ್ದರೆ ಒಳಗೆ ನೀರು ಅಥವಾ ಎಣ್ಣೆ ಸಿಕ್ಕಿಕೊಂಡಿರಬಹುದು. ಬಿಸಿ ಮಾಡಿದರೆ ಆವಿ ಕಟ್ಟಿ ಸಿಡಿಯುತ್ತದೆ. ಅಂಥದಕ್ಕೆ ನಡುವೆ ಒಂದು ಸಣ್ಣ ತೂತು ಕೊರೆದ ಮೇಲೆಯೇ ಟಾರ್ಚ್ ಹಿಡಿಯಿರಿ. ಆ ತೂತು ಇರಲಿ, ಮುಂದೆ ಎಣ್ಣೆ ಬಿಡಲು ಬೇಕಾಗುತ್ತದೆ. ಹೊಳೆಯುವ ಸತುವಿನ ಲೇಪ ಇದ್ದರೆ ಮೊದಲು ಉಜ್ಜಿ ತೆಗೆಯಿರಿ, ಬಯಲಲ್ಲಿ ಮಾಡಿ, ಆ ಹೊಗೆ ಕುಡಿಯಬೇಡಿ.

ನೀವು ಬ್ರೇಕ್ ಕ್ಲೀನರ್ ಹೊಡೆದು ತೊಳೆದೆ ಅಂದಿದ್ದೀರಿ. ಅದು ಕ್ಲೋರಿನೇಟೆಡ್ ಆಗಿದ್ದರೆ ಬಿಸಿಗೆ ಫಾಸ್ಜೀನ್ ಅನ್ನುವ ವಿಷಗಾಳಿ ಬರುತ್ತದೆ. ಡಬ್ಬಿ ಹಿಂದೆ ಓದಿ. ಸ್ವಲ್ಪ ಅನುಮಾನ ಇದ್ದರೂ ಆ ರಾಡಿಗೆ ಬೆಂಕಿ ತೋರಿಸಲೇಬೇಡಿ. ಇನ್ನು ಗಾಡಿಯ ಮೇಲೇ ಬಿಸಿ ಮಾಡುವ ಮಾತು ಬೇಡ. ಡೀಸೆಲ್ ಪೈಪ್, ಹೈಡ್ರಾಲಿಕ್ ಹೋಸ್, ವೈರಿಂಗ್, ರಬ್ಬರ್ ಸೀಲ್ ಎಲ್ಲ ಅಲ್ಲೇ ಪಕ್ಕದಲ್ಲಿರುತ್ತವೆ. ರಾಡ್ ಕೆಳಗಿಳಿಸಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಯಾವ ಸ್ಪ್ರೇ ಒಳ್ಳೆಯದು ಅಂತ ಕೇಳಿದ್ದೀರಿ. ಮಾಮೂಲಿ ಡಬ್ಲ್ಯೂಡಿ-40 ನೀರು ಓಡಿಸಲು ಮಾಡಿದ್ದು, ಹೆಸರಿನ ಡಬ್ಲ್ಯೂಡಿ ಅಂದರೆ ಅದೇ. ಹಗುರ ತುಕ್ಕಿಗೆ ಪರವಾಗಿಲ್ಲ, ಇಂಥ ಜಾಮಿಗೆ ಸಾಲದು. ಅದೇ ಕಂಪನಿ ಸ್ಪೆಷಲಿಸ್ಟ್ ಹೆಸರಲ್ಲಿ ಬೇರೆ ಪೆನೆಟ್ರೆಂಟ್ (ತುಕ್ಕಿನ ಸಂದಿಗೆ ಇಳಿಯುವ ಎಣ್ಣೆ) ಮಾಡುತ್ತದೆ, ಬೇಕಾದರೆ ಅದು ತೆಗೆದುಕೊಳ್ಳಿ. ನನ್ನ ಇಷ್ಟ ಕ್ರಾಯಿಲ್, ಆಮೇಲೆ ಪಿಬಿ ಬ್ಲಾಸ್ಟರ್. ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸ್ ಎಣ್ಣೆ) ಅರ್ಧ ಅರ್ಧ ಬೆರೆಸುವವರೂ ಇದ್ದಾರೆ. ಕೆಲಸ ಮಾಡುತ್ತದೆ. ಆದರೆ ಪೇಂಟ್ ಎಬ್ಬಿಸುತ್ತದೆ, ಎರಡೂ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು, ಬೆಂಕಿ ಹತ್ತಿರ ಅದರ ಹೆಸರೂ ಎತ್ತಬಾರದು. ಯಾವುದೇ ಹಾಕಿ, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ, ಪ್ರತಿ ಸಲ ಸುತ್ತಲೂ ತಟ್ಟಿ. ಒಂದೇ ಸಲ ಅರ್ಧ ಡಬ್ಬಿ ಖಾಲಿ ಮಾಡಿದರೆ ನೆಲ ಒದ್ದೆಯಾಗುತ್ತದೆ ಅಷ್ಟೇ. ಡ್ರೈ ಬ್ರೇಕ್ (ಎಣ್ಣೆಯಲ್ಲಿ ಮುಳುಗಿರದ ಬ್ರೇಕ್) ಇರುವ ಹಳೆ ಗಾಡಿಯಲ್ಲಿ ಲೈನಿಂಗ್ ಕಡೆಗೆ ಒಂದು ಹನಿಯೂ ಹೋಗಬಾರದು. ಅಂಥ ಹಳೆ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ವೈಸ್ ಗ್ರಿಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಳ್ಳೆಯ ಉಪಕರಣ, ತಪ್ಪು ಜಾಗದಲ್ಲಿ ಬಳಸಿದ್ದೀರಿ. ಲಾಕ್ ನಟ್ಟಿಗೆ ಮೊದಲು ಹಾಕಬೇಕಾದದ್ದು ಸರಿಯಾದ ಅಳತೆಯ ಸ್ಪ್ಯಾನರ್, ಸಾಧ್ಯವಾದರೆ ಆರು ಮೂಲೆಯದು, ಹನ್ನೆರಡು ಮೂಲೆಯದಲ್ಲ. ಟರ್ನ್ ಬಕಲ್ಲಿಗೆ ಇನ್ನೊಂದು ಸ್ಪ್ಯಾನರ್ ಹಾಕಿ ತಡೆದು ಹಿಡಿಯಿರಿ. ಮೂಲೆ ಸವೆದ ಮೇಲೆ ನಿಪೆಕ್ಸಿನ ಪ್ಲೈಯರ್ ರೆಂಚ್ ಥರದ ಸಮಾನಾಂತರ ದವಡೆಯದು ಇದ್ದರೆ ಕೆಲಸ ಆಗುತ್ತದೆ. ನಿಮ್ಮ ನಟ್ ಇರುವ ಸ್ಥಿತಿಗೆ ನನ್ನ ಸಲಹೆ, ಅದನ್ನು ಉಳಿಸಲು ಹೋಗಬೇಡಿ. ನಟ್ ಸ್ಪ್ಲಿಟರ್ ಹಾಕಿ ಒಡೆಯಿರಿ, ಇಲ್ಲವೇ ಒಂದು ಮುಖವನ್ನು ಥ್ರೆಡ್ ತಾಗುವ ಮುಂಚೆ ನಿಲ್ಲುವಂತೆ ಗರಗಸದಲ್ಲಿ ಕೊಯ್ದು ಉಳಿಯಿಂದ ಬಿರುಕು ಬಿಡಿಸಿ. ಉಲ್ಟಾ ಥ್ರೆಡ್ಡಿನ ನಟ್ ಎಲ್ಲ ಕಡೆ ಸಿಗುವುದಿಲ್ಲ, ಒಡೆಯುವ ಮೊದಲೇ ತರಿಸಿಟ್ಟುಕೊಳ್ಳಿ. ಥ್ರೆಡ್ ಪಿಚ್ಚನ್ನು (ಗೆರೆಯಿಂದ ಗೆರೆಗೆ ಇರುವ ದೂರ) ಗೇಜಿನಲ್ಲಿ ನೋಡಿ ತರಿಸಿ. ಇಂಥ ರಾಡ್‌ಗಳಲ್ಲಿ ಫೈನ್ ಥ್ರೆಡ್ ಬರುವುದುಂಟು, ಕಣ್ಣಂದಾಜಿನಲ್ಲಿ ಒರಟು ಥ್ರೆಡ್ಡಿನದು ತಂದು ಬಲವಂತ ಮಾಡಬೇಡಿ.

ಇಷ್ಟಾದರೂ ಟರ್ನ್ ಬಕಲ್ ಬರಲಿಲ್ಲ ಅಂದರೆ ರಾಡನ್ನೇ ಕತ್ತರಿಸಿ ಹೊಸದು ಹಾಕಿ. ಮುರಿದ ರಾಡಿಗೆ ವೆಲ್ಡಿಂಗ್ ಬೇಡ, ಸಾದಾ ಥ್ರೆಡ್ ರಾಡ್ ಹಾಕಿ ಜುಗಾಡ್ ಮಾಡುವುದೂ ಬೇಡ. ಇದು ಬ್ರೇಕ್. ಇಳಿಜಾರಿನಲ್ಲಿ ಭಾರ ಎಳೆಯುವಾಗ ಒಂದು ಕಡೆಯ ರಾಡ್ ಬಿಟ್ಟರೆ ಇನ್ನೊಂದು ಕಡೆಯ ಚಕ್ರ ಮಾತ್ರ ನಿಲ್ಲುತ್ತದೆ, ಗಾಡಿ ಆ ಕಡೆಗೆ ತಿರುಗಿ ಮಗುಚಬಹುದು.

ಜೋಡಿಸುವಾಗ ಥ್ರೆಡ್ಡಿಗೆ ಕಾಪರ್ ಆಂಟಿ-ಸೀಜ್ (ಮತ್ತೆ ಜಾಮ್ ಆಗದಂತೆ ತಡೆಯುವ ಪೇಸ್ಟ್) ಹಚ್ಚಿ. ಅದಿಲ್ಲದಿದ್ದರೆ ನೀರು ತಡೆಯುವ ಮೆರೀನ್ ಗ್ರೀಸ್. ಪಿನ್ನುಗಳನ್ನು ಬೆರಳಿನಿಂದ ಸವರಿ ನೋಡಿ, ಸವೆದು ತಗ್ಗು ಬಿದ್ದಿದ್ದರೆ ಬದಲಿಸಿ. ಸವೆದ ಪಿನ್ನಿನ ಸಡಿಲವನ್ನು ಅಡ್ಜಸ್ಟ್‌ಮೆಂಟಿನಲ್ಲಿ ಮುಚ್ಚುವುದು ಸುಳ್ಳು ರಿಪೇರಿ. ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದೇ. ಟರ್ನ್ ಬಕಲ್ ಒಳಗೆ ಎರಡೂ ಕಡೆ ಕನಿಷ್ಠ ರಾಡಿನ ದಪ್ಪದಷ್ಟು ಥ್ರೆಡ್ ಕೂತಿರಬೇಕು. ಅದಕ್ಕಿಂತ ಹೊರಗೆ ಬಂದರೆ ಮಾತ್ರ ಪೆಡಲ್ ಸರಿಯಾಗುತ್ತದೆ ಅನ್ನುವ ಸ್ಥಿತಿ ಇದ್ದರೆ ಒಳಗಿನ ಡಿಸ್ಕ್ ಸವೆದಿದೆ. ಅಲ್ಲಿಗೆ ಅಡ್ಜಸ್ಟ್ ಮಾಡುವುದು ಬಿಟ್ಟು ಹೌಸಿಂಗ್ ಬಿಚ್ಚಿಸಿ.

ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚೆ ಪೆಡಲ್ ಸಡಿಲವಾಗಿ ಇಳಿಯುವ ದೂರ) ಎಷ್ಟು ಅಂತ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 40 ಮಿ.ಮೀ. ಒಳಗೆ ಇರುತ್ತದೆ. ಅಂಕಿಗಿಂತ ಮುಖ್ಯ ಎಡ ಬಲ ಒಂದೇ ಇರುವುದು. ಬೇಗ ಹಿಡಿಯಲಿ ಅಂತ ಪ್ಲೇ ಇಲ್ಲದಂತೆ ಬಿಗಿ ಮಾಡುವವರನ್ನು ನೋಡಿದ್ದೇನೆ. ಬ್ರೇಕ್ ಯಾವಾಗಲೂ ಉಜ್ಜುತ್ತಿರುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಹಾಗೆ ಉಜ್ಜುತ್ತಿದೆಯಾ ಅಂತ ನೋಡಲು ಮುಂದಿನ ಚಕ್ರಕ್ಕೆ ಅಡ್ಡ ಇಟ್ಟು, ಹಿಂಭಾಗ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೂರಬೇಡಿ. ರೇಂಜ್ ಲಿವರ್ ನ್ಯೂಟ್ರಲ್, ಫೋರ್ ವೀಲ್ ಇದ್ದರೆ ಆಫ್, ಪಾರ್ಕಿಂಗ್ ಬ್ರೇಕ್ ಬಿಟ್ಟಿರಬೇಕು. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಮೇಲೆ ಗಾಡಿ ಇಳಿಸಿ, ಎರಡೂ ಪೆಡಲ್ ಒಂದಕ್ಕೊಂದು ಸೇರಿಸಿ ಲಾಕ್ ಮಾಡಿ, ಸಮತಟ್ಟು ಜಾಗದಲ್ಲಿ ನಿಧಾನ ಓಡಿಸಿ ಒತ್ತಿ ನೋಡಿ. ಒಂದು ಕಡೆಗೆ ಎಳೆದರೆ ಆ ಕಡೆಯ ರಾಡ್ ಸ್ವಲ್ಪ ಸಡಿಲ ಮಾಡಿ.

ಪೆಡಲ್ ಶಾಫ್ಟಿನ ಗ್ರೀಸ್ ನಿಪ್ಪಲ್‌ಗೂ ಗನ್ ಹಿಡಿಯಿರಿ, ಮ್ಯಾಟ್ ಕೆಳಗೆ ಅಡಗಿರುತ್ತದೆ ಅಂತ ಎಷ್ಟೋ ಜನ ನೋಡುವುದೇ ಇಲ್ಲ. ಪ್ರೆಷರ್ ವಾಷರಿನಲ್ಲಿ ತೊಳೆಯುವವರು ತೊಳೆದ ಮೇಲೆ ಗ್ರೀಸ್ ಹೊಡೆಯಲೇಬೇಕು, ಆ ನೀರು ಹಳೆ ಗ್ರೀಸನ್ನು ತೆಗೆದು ತಾನು ಅಲ್ಲಿ ಕೂರುತ್ತದೆ. ಹಿಂದಿನ ಲಿಫ್ಟಿನ ಟಾಪ್ ಲಿಂಕ್, ಚೆಕ್ ಚೈನಿನ ಟರ್ನ್ ಬಕಲ್ ಎಲ್ಲದಕ್ಕೂ ಇದೇ ಕಥೆ. ಆಂಟಿ-ಸೀಜ್ ಡಬ್ಬಿ ತೆರೆದಾಗಲೇ ಅವಕ್ಕೂ ಹಚ್ಚಿಬಿಡಿ. ವೆಟ್ ಬ್ರೇಕ್ (ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್) ಗಾಡಿ ಆಗಿದ್ದು, ಒತ್ತಿದಾಗ ಊಳಿಡುವ ಶಬ್ದ ಬಂದರೆ ರಾಡನ್ನು ಬೈಯುವ ಮೊದಲು ಟ್ರಾನ್ಸ್‌ಮಿಷನ್ ಎಣ್ಣೆ ಯಾವುದು ಹಾಕಿದ್ದೀರಿ ನೋಡಿ. ವೆಟ್ ಬ್ರೇಕಿಗೆ ತಕ್ಕದ್ದಲ್ಲದ ಎಣ್ಣೆ ಹಾಕಿದರೂ ಅದೇ ಶಬ್ದ.

ಮೊದಲ ಕೆಲವು ಗಂಟೆ ಕೆಲಸ ಆದ ಮೇಲೆ ಲಾಕ್ ನಟ್ ಮತ್ತೆ ಬಿಗಿ ಮಾಡಿ ನೋಡಿ, ಹೊಸ ನಟ್ ಒಮ್ಮೆ ಸಡಿಲ ಆಗಬಹುದು. ಮತ್ತೆ ಫೋಟೋ ಹಾಕುವುದಿದ್ದರೆ ನಟ್ಟಿನದು ಬೇಡ. ಕ್ಯಾಮ್ ಲಿವರ್ ಹೌಸಿಂಗ್ ಒಳಗೆ ಹೋಗುವ ಜಾಗ ಒರೆಸಿ, ಒಂದು ರಾತ್ರಿ ಬಿಟ್ಟು ಅದರ ಫೋಟೋ ಹಾಕಿ. ಸೀಲ್ ಸೋರುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ.